31 ವರ್ಷಕ್ಕೆ ಗೊತ್ತಾಯಿತು, ಕಾಯಿಲೆ ಹುಟ್ಟಿದಾಗಲೇ ಇತ್ತಂತೆ. ಹಿರ್ಷ್‌ಸ್ಪ್ರಂಗ್ ಆಪರೇಶನ್ ಆದವರು ಯಾರಾದರೂ ಇದ್ದೀರಾ?

ಕಾಪು_ದೀಪಸ್ತಂಭ
ಮಾರ್ಚ್ 3, ರಾತ್ರಿ 10:40

ಬರೆಯಲು ನಾಚಿಕೆಯಾಗುತ್ತದೆ. ಇಲ್ಲಿ ಹೆಸರು ಹಾಕಬೇಕಾಗಿಲ್ಲವಲ್ಲ, ಅದೊಂದು ಧೈರ್ಯ.

ವಯಸ್ಸು 31. ಮನೆ ಕಾಪು ಹತ್ತಿರ, ಕೆಲಸ ಮಂಗಳೂರಿನಲ್ಲಿ. ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುವವನು. ನನಗೆ ಬುದ್ಧಿ ಬಂದಾಗಿನಿಂದ ಸಂಡಾಸು ಸರಿಯಾಗಿ ಆದದ್ದೇ ಇಲ್ಲ. ವಾರಕ್ಕೊಮ್ಮೆ ಆದರೆ ಹಬ್ಬ. ಕೆಲವು ಸಲ ಹತ್ತು ದಿನ. ಭಾನುವಾರ ಬೆಳಿಗ್ಗೆ ಬೇರೆ ಮಕ್ಕಳಿಗೆ ಟಿವಿ, ನನಗೆ ಎನಿಮಾದ ರಬ್ಬರ್ ಟ್ಯೂಬು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿಕೊಂಡು ಇರುತ್ತಿತ್ತು. ಶಾಲೆಯಲ್ಲಿ ನನ್ನ ಹೆಸರೇ 'ಡೋಲು'.

ಮದ್ದು ಮಾಡದೆ ಬಿಟ್ಟದ್ದಲ್ಲ. ಹರಳೆಣ್ಣೆ, ಅಳಲೆಕಾಯಿ, ತ್ರಿಫಲ, ಬಾಳೆದಿಂಡಿನ ಪಲ್ಯ, ರಾತ್ರಿ ನೆನೆಹಾಕಿದ ಒಣದ್ರಾಕ್ಷಿ, ಆಮೇಲೆ ಮಾತ್ರೆ, ಸಿರಪ್ಪು. ಇಸಬ್‌ಗೋಲ್ ತಿಂದರೆ ಹೊಟ್ಟೆ ಇನ್ನೂ ಉಬ್ಬುತ್ತಿತ್ತು. ಅದನ್ನು ಹೇಳಿದರೆ 'ನೀರು ಕಮ್ಮಿ ಕುಡಿಯುತ್ತೀ' ಅಂತ ನನಗೇ ಬೈಗುಳ. ಒಬ್ಬ ಡಾಕ್ಟರು ಸ್ಕ್ಯಾನ್ ನೋಡಿ 'ಗ್ಯಾಸ್ ಜಾಸ್ತಿ ಉಂಟು, ಟೆನ್ಶನ್ ಬಿಡಿ' ಅಂದರು. ಬಿಟ್ಟೆ. ಗ್ಯಾಸ್ ಬಿಡಲಿಲ್ಲ.

ಕಳೆದ ದೀಪಾವಳಿ ಆದ ಮೇಲೆ ಹದಿನಾರು ದಿನ ಏನೂ ಆಗಲಿಲ್ಲ. ವಾಂತಿ ಶುರುವಾಯಿತು. ರಾತ್ರಿ ಕ್ಯಾಶುವಾಲ್ಟಿಗೆ ಹೋದೆವು. ಎಕ್ಸ್‌ರೇಯಲ್ಲಿ ದೊಡ್ಡ ಕರುಳು ತೊಡೆಯಷ್ಟು ದಪ್ಪ ಕಾಣುತ್ತಿತ್ತು. ಮಂಪರು ಬರಿಸಿ ಎಲ್ಲ ತೆಗೆದರು. ಎಷ್ಟು ತೆಗೆದರು ಅಂತ ಬರೆಯುವುದಿಲ್ಲ, ನೀವು ಊಟ ಮಾಡಿ ಮಲಗುವವರು.

ನಾಲ್ಕನೇ ದಿನ ಒಬ್ಬ ಸರ್ಜನ್ ಬಂದರು. ನನ್ನನ್ನು ಏನೂ ಕೇಳಲಿಲ್ಲ. 'ಅಮ್ಮ ಬಂದಿದ್ದಾರಾ? ಒಳಗೆ ಕರೆಯಿರಿ' ಅಂದರು. ಅಮ್ಮನ ಹತ್ತಿರ ಕೇಳಿದ್ದು ಒಂದೇ ಪ್ರಶ್ನೆ: 'ಇವರು ಹುಟ್ಟಿದ ಮೇಲೆ ಮೊದಲನೇ ಸಲ ಕಪ್ಪಗೆ ಕಕ್ಕ ಮಾಡಿದ್ದು ಯಾವಾಗ, ನೆನಪುಂಟಾ?'

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಾನು ಯಾವತ್ತೂ ಕೇಳಿರದ ಕಥೆ ಹೇಳಿದರು. ಮೂರು ದಿನ ಮಾಡಿರಲಿಲ್ಲವಂತೆ. ಹೊಟ್ಟೆ ಗಟ್ಟಿಯಾಗಿ ಹಾಲು ಕಕ್ಕುತ್ತಿದ್ದೆನಂತೆ. ಬಾಣಂತಿ ನೋಡಿಕೊಳ್ಳಲು ಬಂದ ಅಜ್ಜಿ ವೀಳ್ಯದೆಲೆಯ ತೊಟ್ಟಿಗೆ ಎಣ್ಣೆ ಹಚ್ಚಿ ಹಿಂದಿನಿಂದ ಮೆಲ್ಲ ಇಟ್ಟರಂತೆ. 'ಪಿಚಕಾರಿ ಹಾಗೆ ಬಂತು ಡಾಕ್ಟ್ರೇ, ಅಜ್ಜಿಯ ಸೀರೆ ಪೂರ್ತಿ ಹಾಳಾಯಿತು' ಅಂದರು ಅಮ್ಮ. ಮನೆಯವರೆಲ್ಲ ಅವತ್ತು ನಕ್ಕರಂತೆ, ಆಮೇಲೆ ಮರೆತರಂತೆ.

ಡಾಕ್ಟರು ನಗಲಿಲ್ಲ. ಫೈಲಿನಲ್ಲಿ ಬರೆದುಕೊಂಡರು. ಆಮೇಲೆ ಬೇರಿಯಂ ಎನಿಮಾ (ಹಿಂದಿನಿಂದ ಬಿಳಿ ಮದ್ದು ಬಿಟ್ಟು ಎಕ್ಸ್‌ರೇ), ಮ್ಯಾನೊಮೆಟ್ರಿ (ಒಳಗಿನ ಒತ್ತಡ ಅಳೆಯುವುದು), ಕೊನೆಗೆ ಬಯಾಪ್ಸಿ, ಅಂದರೆ ಸಣ್ಣ ತುಂಡು ತೆಗೆದು ಲ್ಯಾಬಿನಲ್ಲಿ ನೋಡುವುದು. ಹತ್ತು ದಿನ ಕಾದ ಮೇಲೆ ರಿಪೋರ್ಟ್ ಬಂತು: ಹಿರ್ಷ್‌ಸ್ಪ್ರಂಗ್ ಕಾಯಿಲೆ. ಗುದನಾಳದಲ್ಲಿ ನರಕೋಶಗಳೇ ಇಲ್ಲವಂತೆ. ಹುಟ್ಟಿನಿಂದಲೇ ಇಲ್ಲ.

ಈಗ ಮೂರು ಆಪರೇಶನ್ ಹೇಳಿದ್ದಾರೆ. ಮೊದಲು ಕರುಳಿನ ಬಾಯಿಯನ್ನು ಹೊಟ್ಟೆಯ ಮೇಲೆ ತಂದು ಅದಕ್ಕೆ ಬ್ಯಾಗ್. ಕೆಲವು ತಿಂಗಳು ಬಿಟ್ಟು ದೊಡ್ಡ ಆಪರೇಶನ್. ಆಮೇಲೆ ಬ್ಯಾಗ್ ಮುಚ್ಚುವುದು. ಅಮ್ಮ ಕೊರಗಜ್ಜನಿಗೆ ಹರಕೆ ಹೇಳಿಯಾಯಿತು. ನನಗೆ ಮಂಡೆ ಬಿಸಿ. ದೊಡ್ಡವರಾದ ಮೇಲೆ ಇದನ್ನು ಮಾಡಿಸಿಕೊಂಡವರು ಯಾರಾದರೂ ಇದ್ದರೆ ಮಾತಾಡಿ ಮಾರಾಯ್ರೆ.


ಬಂದರ್_ಬಾಯ್
ಮಾರ್ಚ್ 3, ರಾತ್ರಿ 11:15

31 ವರ್ಷ ಬದುಕಿದವನಿಗೆ ಈಗ ಹುಟ್ಟು ಕಾಯಿಲೆ ಅಂದರೆ ನಂಬುವುದು ಹೇಗೆ ಅಣ್ಣ? ಮೂರು ಆಪರೇಶನ್ ಅಂದರೆ ಮೂರು ಬಿಲ್ಲು. ಇನ್ನೊಂದು ಕಡೆ ತೋರಿಸಿ. ನನಗೂ ಐದಾರು ವರ್ಷದಿಂದ ಇದೇ ತೊಂದರೆ. ಅರ್ಧ ಗಂಟೆ ಕುಳಿತರೂ ಮುಗಿದ ಹಾಗೆ ಆಗುವುದಿಲ್ಲ. ಹಾಗಾದರೆ ನನಗೂ ಇದೇ ಇರಬೇಕು!


ಸರ್ಜರಿ_ಪಿಜಿ
ಮಾರ್ಚ್ 4, ಬೆಳಿಗ್ಗೆ 6:05

ನೈಟ್ ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಯಾರಾದರೂ ತಿದ್ದಿ. ನಾನು ನಿಮ್ಮ ಡಾಕ್ಟರಲ್ಲ, ಇದು ಸಾಮಾನ್ಯ ಮಾಹಿತಿ ಅಷ್ಟೇ.

ಮೊದಲು ಬಂದರ್_ಬಾಯ್ ಅವರಿಗೆ. ಎರಡನೇ ಅಭಿಪ್ರಾಯ ಕೇಳುವುದು ತಪ್ಪಲ್ಲ, ಕೇಳಿ. ಆದರೆ ಇಲ್ಲಿ ಬಯಾಪ್ಸಿ ಆಗಿದೆ. ಅದು ಸ್ಕ್ಯಾನ್ ನೋಡಿ ಅಂದಾಜು ಹೇಳುವುದಲ್ಲ.

ಕರುಳಿನ ಗೋಡೆಯೊಳಗೆ ಅದರದ್ದೇ ನರಕೋಶಗಳು ಇರುತ್ತವೆ. ಎಲ್ಲಿ ಹಿಂಡಬೇಕು, ಎಲ್ಲಿ ಸಡಿಲ ಬಿಡಬೇಕು ಅಂತ ಹೇಳುವುದು ಅವೇ. ಮಗು ಹೊಟ್ಟೆಯಲ್ಲಿದ್ದಾಗ, ಸುಮಾರು 5ರಿಂದ 12ನೇ ವಾರದೊಳಗೆ, ಈ ಕೋಶಗಳು ಮೇಲಿನಿಂದ ಕೆಳಗೆ ಇಳಿದು ಬರುತ್ತವೆ. ಬಾಯಿಯ ಕಡೆಯಿಂದ ಗುದದ ಕಡೆಗೆ. ಕೆಲವರಲ್ಲಿ ಕೊನೆ ಮುಟ್ಟುವ ಮೊದಲೇ ನಿಂತುಬಿಡುತ್ತವೆ. ನಮ್ಮ ಹೈವೇ ಕೆಲಸ ಒಂದು ಕಡೆಯಿಂದ ಶುರುವಾಗಿ ಊರು ಮುಟ್ಟುವ ಮೊದಲೇ ನಿಂತ ಹಾಗೆ. ಆದ್ದರಿಂದ ಕಾಯಿಲೆ ಯಾವಾಗಲೂ ಕೆಳಗಿನ ತುದಿಯಲ್ಲೇ ಇರುತ್ತದೆ. ಎಷ್ಟು ಮೇಲಿನವರೆಗೆ ಅನ್ನುವುದು ಮಾತ್ರ ಬೇರೆ ಬೇರೆ. ಹತ್ತರಲ್ಲಿ ಎಂಟು ಜನರಿಗೆ ಗುದನಾಳ ಮತ್ತು ಅದರ ಮೇಲಿನ ಸಿಗ್ಮಾಯ್ಡ್ ತಿರುವಿನಷ್ಟೇ.

ಸುಮಾರು 5,000 ಹೆರಿಗೆಗೆ ಒಂದು ಮಗುವಿಗೆ ಬರುತ್ತದೆ. ಹುಡುಗರಲ್ಲಿ ಹುಡುಗಿಯರಿಗಿಂತ ನಾಲ್ಕು ಪಟ್ಟು. ಹುಟ್ಟಿದ ಮಗು ಸಾಮಾನ್ಯವಾಗಿ ಒಂದು ದಿನದೊಳಗೆ, ಹೆಚ್ಚೆಂದರೆ ಎರಡು ದಿನದೊಳಗೆ ಕಪ್ಪು ಕಕ್ಕ ಮಾಡುತ್ತದೆ. ಮಾಡದಿದ್ದರೆ ಈ ಕಾಯಿಲೆಯನ್ನು ನೆನಪು ಮಾಡಿಕೊಳ್ಳಬೇಕು. ಆ ಅಜ್ಜಿಯ ವೀಳ್ಯದೆಲೆ ತೊಟ್ಟಿನ ಕಥೆ ಇದೆಯಲ್ಲ, ಬಿಗಿದ ಜಾಗ ದಾಟಿದ ಕೂಡಲೇ ಒತ್ತಡದಿಂದ ಹಾರುವುದು, ಅದನ್ನು ನಮಗೆ ಪಾಠದಲ್ಲೇ ಹೇಳಿಕೊಡುತ್ತಾರೆ. ಪಾಠದಲ್ಲಿ ತೊಟ್ಟಿನ ಬದಲು ಡಾಕ್ಟರ ಬೆರಳು, ಅಷ್ಟೇ ವ್ಯತ್ಯಾಸ. (ಮಕ್ಕಳಿಗೆ ಈಗ ತೊಟ್ಟು ಇಡಲು ಹೋಗಬೇಡಿ. ಕರುಳಿಗೆ ಗಾಯವಾಗುತ್ತದೆ.)

ದೊಡ್ಡವರಾಗುವವರೆಗೆ ಹೇಗೆ ತಪ್ಪಿಹೋಗುತ್ತದೆ? ನರವಿಲ್ಲದ ಭಾಗ ಚಿಕ್ಕದಿದ್ದರೆ ಮೇಲಿನ ಒಳ್ಳೆಯ ಕರುಳು ಜೋರಾಗಿ ತಳ್ಳಿ ತಳ್ಳಿ ಹೇಗೋ ದಾಟಿಸುತ್ತದೆ. ಅದಕ್ಕೆ ಎನಿಮಾ, ಮಾತ್ರೆಗಳ ಸಹಾಯ. ತಳ್ಳುತ್ತಾ ತಳ್ಳುತ್ತಾ ಆ ಭಾಗ ದಪ್ಪವಾಗುತ್ತದೆ, ಹಿಗ್ಗುತ್ತದೆ, ಒಂದು ದಿನ ಸೋಲುತ್ತದೆ. ನಾರು ತಿಂದರೆ ಇವರಿಗೆ ಕಷ್ಟ ಜಾಸ್ತಿಯಾದದ್ದು ಅದಕ್ಕೇ. ಮುಂದೆ ದಾರಿ ಇಲ್ಲದಲ್ಲಿ ಇನ್ನಷ್ಟು ಲಾರಿ ಕಳಿಸಿದರೆ ಜಾಮ್ ದೊಡ್ಡದಾಗುತ್ತದೆ ಅಷ್ಟೇ.

ನನಗೆ ಈ ಕಾಯಿಲೆಯಲ್ಲಿ ಇಷ್ಟವಾದ ಸಂಗತಿ ಒಂದಿದೆ ('ಇಷ್ಟ' ಅನ್ನಬಾರದು, ಕ್ಷಮಿಸಿ). ನೋಡಲು ಕೆಟ್ಟಂತೆ ಕಾಣುವ ಕರುಳು ಒಳ್ಳೆಯದು. ಸಪೂರವಾಗಿ, ಏನೂ ಆಗದ ಹಾಗೆ ಕಾಣುವ ಕರುಳೇ ಕೆಟ್ಟದ್ದು. ಹರಾಲ್ಡ್ ಹಿರ್ಷ್‌ಸ್ಪ್ರಂಗ್ ಕೋಪನ್‌ಹೇಗನ್ನಿನ ಮಕ್ಕಳ ಡಾಕ್ಟರು. 1886ರಲ್ಲಿ ಬರ್ಲಿನ್ನಿನಲ್ಲಿ ಇಬ್ಬರು ಮಕ್ಕಳ ಬಗ್ಗೆ ಹೇಳಿದಾಗ ಅವರ ಕಣ್ಣೂ ಉಬ್ಬಿದ ಕರುಳಿನ ಮೇಲೇ ಇತ್ತು. ಆಮೇಲೆ ಎಷ್ಟೋ ವರ್ಷ ಸರ್ಜನ್‌ಗಳು ಉಬ್ಬಿದ್ದನ್ನು ಕತ್ತರಿಸಿದರು, ಉಪಯೋಗವಾಗಲಿಲ್ಲ. 1948ರಲ್ಲಿ ಅಮೆರಿಕದ ಓರ್ವರ್ ಸ್ವೆನ್ಸನ್ ಕೆಳಗಿನ ಸಪೂರ ಭಾಗ ತೆಗೆದು, ಮೇಲಿನದ್ದನ್ನು ಕೆಳಗೆ ಎಳೆದು ಜೋಡಿಸುವ ಆಪರೇಶನ್ ಪ್ರಕಟಿಸಿದರು. ಈಗಿನ ಆಪರೇಶನ್‌ಗಳೆಲ್ಲ ಅದರ ತಮ್ಮಂದಿರು. 1956ರಲ್ಲಿ ಫ್ರಾನ್ಸಿನ ಡುಹಾಮೆಲ್, 1964ರಲ್ಲಿ ಇಟಲಿಯ ಸೋವೆ.


ಅಜ್ಜಿ_ಮದ್ದು
ಮಾರ್ಚ್ 4, ಬೆಳಿಗ್ಗೆ 9:30

ಕತ್ತಿ ಹಾಕಿಸಬೇಡಿ. ಒಂದು ಮಂಡಲ, ಅಂದರೆ 48 ದಿನ ಕಷಾಯ ಕುಡಿಯಿರಿ. ನಮ್ಮ ಹತ್ತಿರ ಪುಡಿ ಉಂಟು. ನಂಬರ್ ಕೇಳಿ ಮೆಸೇಜ್ ಮಾಡಿ.


ಕಾಪು_ದೀಪಸ್ತಂಭ
ಮಾರ್ಚ್ 4, ಬೆಳಿಗ್ಗೆ 9:52

ಕಷಾಯ 31 ವರ್ಷ ಕುಡಿದಾಗಿದೆ. ಎಷ್ಟು ಮಂಡಲ ಆಯಿತು ಅಂತ ನೀವೇ ಲೆಕ್ಕ ಹಾಕಿ.


ಮಾಡರೇಟರ್
ಮಾರ್ಚ್ 4, ಬೆಳಿಗ್ಗೆ 10:10

ಮದ್ದು ಮಾರುವವರು ಬೇರೆ ಜಾಗ ನೋಡಿಕೊಳ್ಳಿ. ಇನ್ನೆರಡು ಕಾಮೆಂಟ್ ತೆಗೆದಿದ್ದೇನೆ.


ಪುಟ್ಟನ_ಅಮ್ಮ
ಮಾರ್ಚ್ 4, ಮಧ್ಯಾಹ್ನ 2:20

ನನ್ನ ಮಗನಿಗೆ ಹುಟ್ಟಿದ ಐದನೇ ದಿನಕ್ಕೇ ಗೊತ್ತಾಯಿತು. ಎರಡನೇ ದಿನ ಕಕ್ಕ ಮಾಡದಿದ್ದಾಗ ನರ್ಸ್ ಒಬ್ಬರು ಪಟ್ಟು ಹಿಡಿದು ಮಕ್ಕಳ ಸರ್ಜನ್ನನ್ನು ಕರೆಸಿದರು. ಮೂರು ತಿಂಗಳಿಗೆ ಆಪರೇಶನ್ ಆಯಿತು, ಎಲ್ಲ ಕೆಳಗಿನಿಂದಲೇ, ಹೊಟ್ಟೆಯ ಮೇಲೆ ಒಂದು ಗಾಯವೂ ಇಲ್ಲ. ಈಗ ನಾಲ್ಕು ವರ್ಷ. ಅಂಗನವಾಡಿಯಲ್ಲಿ ಎಲ್ಲರಿಗಿಂತ ಜಾಸ್ತಿ ಗಲಾಟೆ.

ನಿಮ್ಮ ಅಮ್ಮನ ಬಗ್ಗೆ ಓದಿ ಕಣ್ಣು ತುಂಬಿತು ಅಣ್ಣ. ಅವರು ಈಗ 'ನಾನು ಆಗಲೇ ಹೇಳಬೇಕಿತ್ತು' ಅಂತ ಕೊರಗುತ್ತಿರುತ್ತಾರೆ, ನೋಡಿ. ಅವರನ್ನು ಯಾರೂ ಕೇಳಿಯೇ ಇರಲಿಲ್ಲ ಅಂತ ಅವರಿಗೆ ಹೇಳಿ.


ಕಾಪು_ದೀಪಸ್ತಂಭ
ಮಾರ್ಚ್ 4, ರಾತ್ರಿ 9:00

ಹೇಳಿದೆ ಅಕ್ಕ. 'ನೀನು ಊಟ ಮಾಡು' ಅಂತ ಮಾತು ತಿರುಗಿಸಿದರು.


ಬಿಸಿರೋಡ್_ಜಂಕ್ಷನ್
ಮಾರ್ಚ್ 5, ರಾತ್ರಿ 11:50

ಈ ಥ್ರೆಡ್ಡನ್ನು ಹೆಂಡತಿ ತೋರಿಸಿದಳು. ಖಾತೆ ತೆರೆದದ್ದೇ ಉತ್ತರ ಕೊಡಲು.

ನನಗೆ 24ಕ್ಕೆ ಗೊತ್ತಾಯಿತು. ಮೂರೂ ಆಪರೇಶನ್ ಆಗಿ ಒಂಬತ್ತು ವರ್ಷ. ಗೊತ್ತಿದ್ದದ್ದನ್ನು ಬರೆಯುತ್ತೇನೆ, ಉದ್ದವಾಗುತ್ತದೆ.

ಮ್ಯಾನೊಮೆಟ್ರಿಯಲ್ಲಿ ಎಂತ ಮಾಡುತ್ತಾರೆ ಅಂತ ಹಲವರಿಗೆ ಹೆದರಿಕೆ. ಸಣ್ಣ ಬಲೂನು ಒಳಗೆ ಇಟ್ಟು ಉಬ್ಬಿಸುತ್ತಾರೆ. ಸರಿ ಇದ್ದವರಲ್ಲಿ ಒಳಗಿನ ಬಿಗಿ ಉಂಗುರ ತನ್ನಷ್ಟಕ್ಕೆ ಸಡಿಲ ಆಗುತ್ತದೆ. ನಮ್ಮಲ್ಲಿ ಆಗುವುದಿಲ್ಲ. ನೋವಿಲ್ಲ, ಮುಜುಗರ ಉಂಟು. ಪರದೆಯ ಮೇಲೆ ಗೆರೆ ಇಳಿಯಬೇಕಿತ್ತು, ನನ್ನದು ಇಳಿಯಲೇ ಇಲ್ಲ. ಟೆಕ್ನಿಶಿಯನ್ ಎರಡು ಸಲ ಮಾಡಿದರು.

ಬ್ಯಾಗ್ ಬಗ್ಗೆ. ಮೊದಲನೇ ಆಪರೇಶನ್ನಿನ ಹಿಂದಿನ ದಿನ ಹೊಟ್ಟೆಯ ಮೇಲೆ ಜಾಗ ಗುರುತು ಹಾಕಿಸಿಕೊಳ್ಳಿ. ಮಲಗಿದಾಗ ಮಾತ್ರ ಅಲ್ಲ, ನಿಂತು, ಕುಳಿತು, ಬಗ್ಗಿ. ಮುಖ್ಯವಾಗಿ ಲುಂಗಿ ಉಟ್ಟುಕೊಂಡು. ನನ್ನದು ಸರಿಯಾಗಿ ಲುಂಗಿ ಕಟ್ಟುವ ಗೆರೆಯ ಮೇಲೆ ಬಂತು. ಏಳು ತಿಂಗಳು ಲುಂಗಿಯನ್ನು ಎದೆಗೆ ಕಟ್ಟಿಕೊಂಡು ತಿರುಗಿದೆ. ಮನೆಗೆ ಬಂದವರೆಲ್ಲ ಸ್ನಾನಕ್ಕೆ ಹೊರಟಿದ್ದೀರಾ ಅಂತ ಕೇಳುತ್ತಿದ್ದರು.

ನಮ್ಮ ಕರಾವಳಿಯ ಬೆವರು ಬ್ಯಾಗಿನ ದೊಡ್ಡ ಶತ್ರು. ಏಪ್ರಿಲ್, ಮೇನಲ್ಲಿ ಅಂಟು ನಿಲ್ಲುವುದಿಲ್ಲ. ಚರ್ಮ ಪೂರ್ತಿ ಒಣಗಿದ ಮೇಲೆ ಮಾತ್ರ ಅಂಟಿಸಿ. ಸೋಪಿನ ಜಾರು ಉಳಿಯಬಾರದು, ಎಣ್ಣೆ ಹಚ್ಚಲೇಬಾರದು. ಬೆಳಿಗ್ಗೆ ತಿಂಡಿಗೆ ಮೊದಲು ಬದಲಾಯಿಸಿ, ಆಗ ಹರಿವು ಕಮ್ಮಿ. ಮೂರರಲ್ಲಿ ಒಂದು ಭಾಗ ತುಂಬಿದ ಕೂಡಲೇ ಖಾಲಿ ಮಾಡಿ, ಭಾರಕ್ಕೆ ಕಿತ್ತು ಬರುತ್ತದೆ. ಮೊದಲ ಆರೇಳು ವಾರ ಸ್ಟೋಮಾ (ಹೊಟ್ಟೆಯ ಮೇಲೆ ತಂದ ಕರುಳಿನ ಬಾಯಿ) ಕುಗ್ಗುತ್ತಾ ಹೋಗುತ್ತದೆ. ಹಾಗಾಗಿ ತೂತಿನ ಅಳತೆ ಆಗಾಗ ನೋಡಿ. ದೊಡ್ಡ ತೂತು ಬಿಟ್ಟರೆ ಸುತ್ತ ಚರ್ಮ ಸುಟ್ಟ ಹಾಗೆ ಆಗುತ್ತದೆ. ನನ್ನ ಅತ್ತೆ ಹಳೆಯ ಪಂಚೆಯಲ್ಲಿ ಬ್ಯಾಗಿಗೆ ಚೀಲ ಹೊಲಿದುಕೊಟ್ಟರು. ಪ್ಲಾಸ್ಟಿಕ್ ಮೈಗೆ ತಾಗುವುದಿಲ್ಲ, ಬೆವರು ಹೀರಿಕೊಳ್ಳುತ್ತದೆ. ಕಂಪನಿಯವರೂ ಅಷ್ಟು ಒಳ್ಳೆಯದು ಮಾಡಲಾರರು.

ಊಟ: ಗಂಜಿ ನಿಮ್ಮ ದೋಸ್ತಿ. ಬಂಗುಡೆ ತಿನ್ನಬಹುದು, ಆದರೆ ಬ್ಯಾಗ್ ತೆರೆಯುವಾಗ ನೆನಪು ಮಾಡುತ್ತದೆ. ಹಲಸಿನ ಬೀಜ ತಿಂದ ದಿನ ಬ್ಯಾಗ್ ಬಲೂನಾಯಿತು, ಅದೂ ಒಂದು ಮದುವೆ ಹಾಲಿನಲ್ಲಿ.

ಬ್ಯಾಗ್ ಯಾಕೆ ಬೇಕು ಅಂದರೆ, ನಮ್ಮ ಕರುಳು ವರ್ಷಗಟ್ಟಲೆ ಹಿಗ್ಗಿ ಕೊಡಪಾನ ಆಗಿರುತ್ತದೆ. ಅದನ್ನು ಹಾಗೇ ಕೆಳಗೆ ಎಳೆದು ಸಣ್ಣ ಬಾಯಿಗೆ ಹೊಲಿಯಲು ಬರುವುದಿಲ್ಲ. ಮೊದಲು ಖಾಲಿ ಇಟ್ಟು ಸೊರಗಿಸಬೇಕು. ಮಗುವಿಗೆ ಒಂದೇ ಸಲ ಮುಗಿದದ್ದು ನಮಗೆ ಮೂರು ಸಲ ಆಗುವುದು ಅದಕ್ಕೆ.

ನನಗೆ ಮಾಡಿದ್ದು ಡುಹಾಮೆಲ್. ಹಳೆಯ ಗುದನಾಳದ ಸ್ವಲ್ಪ ಭಾಗವನ್ನು ಮುಂದೆ ಹಾಗೇ ಬಿಡುತ್ತಾರೆ. ಒಳ್ಳೆಯ ಕರುಳನ್ನು ಅದರ ಹಿಂದಿನಿಂದ ತಂದು, ಎರಡರ ನಡುವಿನ ಗೋಡೆಯನ್ನು ಸ್ಟೇಪ್ಲರಿನಿಂದ ತೆಗೆದು ಒಂದೇ ಕೋಣೆ ಮಾಡುತ್ತಾರೆ. ಆಪರೇಶನ್ ನಡೆಯುವಾಗಲೇ ಕರುಳಿನ ತುಂಡು ಲ್ಯಾಬಿಗೆ ಹೋಗುತ್ತದೆ. 'ಇಲ್ಲಿ ನರಕೋಶ ಉಂಟು' ಅಂತ ಫೋನ್ ಬಂದ ಮೇಲೆಯೇ ಮುಂದಿನ ಕೆಲಸ.

ಆಮೇಲಿನ ದಿನಗಳನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಬ್ಯಾಗ್ ಮುಚ್ಚಿದ ಮೊದಲ ತಿಂಗಳು ದಿನಕ್ಕೆ ಎಂಟು, ಹತ್ತು ಸಲ ಓಟ. ವಾರಕ್ಕೊಮ್ಮೆ ಹೋಗುತ್ತಿದ್ದವನಿಗೆ! ಹಿಂದೆ ಉರಿ ಅಂದರೆ ಉರಿ. ಜಿಂಕ್ ಆಕ್ಸೈಡ್ ಮುಲಾಮು, ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, ಒರೆಸದೆ ತೊಳೆಯುವುದು. ರಾತ್ರಿ ಪ್ಯಾಡ್. ಆರು ತಿಂಗಳಲ್ಲಿ ಮೂರು ಸಲಕ್ಕೆ ಇಳಿಯಿತು. ಈಗ ಎರಡು.

ಒಂದು ಎಚ್ಚರಿಕೆ. ಜ್ವರ, ಹೊಟ್ಟೆ ಉಬ್ಬರ, ನಾತದ ನೀರು ಭೇದಿ ಮೂರೂ ಒಟ್ಟಿಗೆ ಬಂದರೆ ಹೋಟೆಲ್ ಊಟದ ಮೇಲೆ ತಪ್ಪು ಹಾಕಿ ಮನೆಯಲ್ಲಿ ಕುಳಿತುಕೊಳ್ಳಬೇಡಿ. ಅದು ಕರುಳಿನ ಸೋಂಕು ಇರಬಹುದು. ಆಪರೇಶನ್ ಆದವರಿಗೂ ಬರುತ್ತದೆ, ಜೀವಕ್ಕೆ ಅಪಾಯ. ನನಗೆ ಒಮ್ಮೆ ಬಂದಿತ್ತು, ಐದು ದಿನ ಡ್ರಿಪ್.


ಕಾಪು_ದೀಪಸ್ತಂಭ
ಮಾರ್ಚ್ 6, ಬೆಳಿಗ್ಗೆ 7:15

ಎರಡು ಸಲ ಓದಿದೆ. ಅಪ್ಪನಿಗೂ ಓದಿ ಹೇಳಿದೆ. ಲುಂಗಿ ವಿಷಯಕ್ಕೆ ಅವರು ನಕ್ಕದ್ದು, ದೀಪಾವಳಿ ನಂತರ ಮೊದಲ ಸಲ.

ಒಂದು ಕೇಳಲಾ? ಮದುವೆ ಮಾತುಕತೆ ನಡೆಯುತ್ತಿತ್ತು. ಈಗ ನಿಲ್ಲಿಸಿದ್ದೇವೆ. ಆಪರೇಶನ್ ಆದ ಮೇಲೆ ಆ ವಿಷಯದಲ್ಲಿ ತೊಂದರೆ ಬರುತ್ತದಾ?


ಬಿಸಿರೋಡ್_ಜಂಕ್ಷನ್
ಮಾರ್ಚ್ 6, ಬೆಳಿಗ್ಗೆ 8:30

ಇದನ್ನು ಕೇಳಲು ನನಗೆ ಆಗ ನಾಲ್ಕು ಸಲ ಓಪಿಡಿಗೆ ಹೋಗಬೇಕಾಯಿತು. ಮೂರು ಸಲ ಕೇಳದೆ ವಾಪಸ್ ಬಂದೆ. ಗುದನಾಳದ ಮುಂದಿನ ಬದಿಯಲ್ಲಿ ಮೂತ್ರಕ್ಕೂ ಅದಕ್ಕೂ ಹೋಗುವ ನರಗಳಿವೆ. ಡುಹಾಮೆಲ್‌ನಲ್ಲಿ ಕೆಲಸ ಹೆಚ್ಚು ಹಿಂದಿನಿಂದ, ಮುಂದೆ ಕೈ ಹಾಕುವುದು ಕಮ್ಮಿ. ದೊಡ್ಡವರಿಗೆ ಅದನ್ನು ಆರಿಸಲು ಅದೂ ಒಂದು ಕಾರಣ ಅಂತ ನನ್ನ ಸರ್ಜನ್ ಹೇಳಿದರು. ಅಪಾಯ ಇಲ್ಲವೇ ಇಲ್ಲ ಅಂತ ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ನೀವು ನೇರ ಕೇಳಿ.

ನನಗೆ ಮಗಳಿದ್ದಾಳೆ. ಇದು ವಂಶದಲ್ಲಿ ಬರಬಹುದು, RET ('ರೆಟ್') ಅನ್ನುವ ಜೀನ್ ಅಂತ ಡಾಕ್ಟರು ಬರೆದುಕೊಟ್ಟಿದ್ದರು. ಹೆರಿಗೆಗೆ ಮೊದಲೇ ಮಕ್ಕಳ ಡಾಕ್ಟರಿಗೆ ಹೇಳಿಟ್ಟೆವು. ಹುಟ್ಟಿದ 14ನೇ ಗಂಟೆಗೆ ಮಾಡಿದಳು. ಡೈಪರ್ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿದ ಮೊದಲ ಅಪ್ಪ ನಾನೇ ಇರಬೇಕು.


ಮಣಿಪಾಲ_ಮಳೆ
ಮಾರ್ಚ್ 9, ಸಂಜೆ 5:45

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ, ಹಾಗಾಗಿ ನಾನು. ನನ್ನ ಭಾವನಿಗೆ ಬೇರೆ ಹುಟ್ಟು ದೋಷಕ್ಕೆ ಆಪರೇಶನ್ ಆಗಿತ್ತು. ಇನ್ಶೂರೆನ್ಸ್ ಕಂಪನಿ 'ಹುಟ್ಟಿನಿಂದ ಬಂದದ್ದು' ಅಂತ ಒಂದೇ ಸಾಲಿನಲ್ಲಿ ಕ್ಲೇಮ್ ತಳ್ಳಿಹಾಕಿತು. ಪಾಲಿಸಿ ಪುಸ್ತಕ ತೆಗೆದು ಓದಿದೆವು. ಅದರಲ್ಲಿ ಹುಟ್ಟು ದೋಷಕ್ಕೆ ಎರಡು ವಿವರಣೆ ಇರುತ್ತದೆ: ಹೊರಗೆ ಕಣ್ಣಿಗೆ ಕಾಣುವ ಜಾಗದ್ದು, ಕಾಣದ ಒಳಗಿನದ್ದು. ನಮ್ಮ ಪಾಲಿಸಿಯಲ್ಲಿ ಬಿಟ್ಟದ್ದು ಹೊರಗಿನದನ್ನು ಮಾತ್ರ. ಅದನ್ನೇ ಬರೆದು ಮೇಲ್ ಮಾಡಿದೆವು. ಎರಡು ತಿಂಗಳ ನಂತರ ಹಣ ಬಂತು. ಕರುಳು ಒಳಗಿನದ್ದೇ ಅಲ್ವಾ? ಸಹಿ ಹಾಕುವ ಮೊದಲು ನಿಮ್ಮ ಪಾಲಿಸಿಯಲ್ಲಿ ಹೇಗಿದೆ ಅಂತ ನೋಡಿ. ಅವರು ಒಪ್ಪದಿದ್ದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಇದ್ದಾರೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ಮೊದಲು ಮಂಗಳೂರಿನ ವೆನ್ಲಾಕ್‌ನಲ್ಲೋ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲೋ ತೋರಿಸಿ ವಿಚಾರಿಸಿ. ಸೀದಾ ಖಾಸಗಿ ಆಸ್ಪತ್ರೆಗೆ ಹೋಗಿ ಸೇರಿದ ಮೇಲೆ ಕಾರ್ಡ್ ತೋರಿಸಿದರೆ ಪೇಚಾಟ.


ಕಾಪು_ದೀಪಸ್ತಂಭ
ಏಪ್ರಿಲ್ 22, ಮಧ್ಯಾಹ್ನ 3:10

ಬ್ಯಾಗ್ ಹಾಕಿ ಹನ್ನೊಂದು ದಿನ. ಲುಂಗಿ ಉಟ್ಟು ಗುರುತು ಹಾಕಿಸಿಕೊಂಡೆ. ಸಿಸ್ಟರ್ ನಕ್ಕರು, ಆಮೇಲೆ 'ಇದು ಒಳ್ಳೆಯ ಐಡಿಯಾ' ಅಂತ ಅವರೇ ಅಂದರು.

ಮೊದಲ ಸಲ ನೋಡಿಕೊಂಡಾಗ ಕಷ್ಟವಾಯಿತು. ಕೆಂಪಗೆ, ಒದ್ದೆಯಾಗಿ, ಜೀವ ಇರುವ ಬೇರೆ ಏನೋ ಹೊಟ್ಟೆಯ ಮೇಲೆ ಕುಳಿತ ಹಾಗೆ. ಎರಡು ದಿನ ಅಮ್ಮನೇ ಖಾಲಿ ಮಾಡಿದರು. ಮೂರನೇ ದಿನ ಬೇಡ ಅಂದೆ.

ಆದರೆ ಕೇಳಿ: ಹಸಿವಾಗುತ್ತಿದೆ. ಹೊಟ್ಟೆ ತುಂಬಾ ನೀರ್ ದೋಸೆ ತಿಂದೆ, ಲೆಕ್ಕ ತಪ್ಪುವಷ್ಟು. ಹಸಿವು ಅಂದರೆ ಹೀಗಿರುತ್ತದಾ? ನಾನು ಇಷ್ಟು ವರ್ಷ ಹಸಿವು ಅಂದುಕೊಂಡಿದ್ದು ಬೇರೆ ಎಂಥದ್ದೋ.


ಬಂದರ್_ಬಾಯ್
ಜೂನ್ 30, ರಾತ್ರಿ 10:00

ನಾನೂ ತೋರಿಸಿದೆ. ನಿಮ್ಮ ಥ್ರೆಡ್ ಓದಿ ನಿದ್ದೆ ಬರುತ್ತಿರಲಿಲ್ಲ. ಮ್ಯಾನೊಮೆಟ್ರಿಯಲ್ಲಿ ಗೆರೆ ಇಳಿಯಿತು, ಅಂದರೆ ನನ್ನದು ಈ ಕಾಯಿಲೆ ಅಲ್ಲ. ಒತ್ತುವಾಗ ಸಡಿಲ ಬಿಡಬೇಕಾದ ಸ್ನಾಯುವನ್ನು ನಾನು ಬಿಗಿ ಹಿಡಿಯುತ್ತೇನಂತೆ. ಬಯೋಫೀಡ್‌ಬ್ಯಾಕ್ ಅಂತ ತರಬೇತಿ ಹೇಳಿದ್ದಾರೆ. ಪರದೆ ನೋಡಿಕೊಂಡು ಸಡಿಲ ಬಿಡುವುದನ್ನು ಕಲಿಯುವುದು. 34ನೇ ವಯಸ್ಸಿನಲ್ಲಿ ಇದನ್ನು ಕಲಿಯುತ್ತಿದ್ದೇನೆ, ಮನೆಯಲ್ಲಿ ಹೇಳಿಲ್ಲ.


ಸರ್ಜರಿ_ಪಿಜಿ
ಜುಲೈ 1, ಬೆಳಿಗ್ಗೆ 6:30

ಒಳ್ಳೆಯದಾಯಿತು. ಮಲಬದ್ಧತೆ ಇರುವ ದೊಡ್ಡವರಲ್ಲಿ ಹೆಚ್ಚಿನವರಿಗೆ ಹಿರ್ಷ್‌ಸ್ಪ್ರಂಗ್ ಇರುವುದಿಲ್ಲ. ಥೈರಾಯ್ಡ್, ಬೇರೆ ಮದ್ದುಗಳು, ನಿಮ್ಮ ಹಾಗೆ ಸ್ನಾಯುವಿನ ತೊಂದರೆ, ಇವೇ ಜಾಸ್ತಿ. ಐದಾರು ವರ್ಷದಿಂದ ಶುರುವಾದದ್ದಕ್ಕೂ ಹುಟ್ಟಿನಿಂದ ಇದ್ದದ್ದಕ್ಕೂ ವ್ಯತ್ಯಾಸ ಇದೆ.

ಇನ್ನೊಂದು: ಗೆರೆ ಇಳಿಯದಿದ್ದ ಮಾತ್ರಕ್ಕೆ ಕಾಯಿಲೆ ಇದೆ ಅಂತಲೂ ಅಲ್ಲ. ಗುದನಾಳ ತುಂಬಾ ಹಿಗ್ಗಿದ್ದರೆ ಸಣ್ಣ ಬಲೂನು ಗೋಡೆಗೆ ತಾಗುವುದೇ ಇಲ್ಲ. ಹಾಗಾಗಿಯೇ ಕೊನೆಯ ಮಾತು ಬಯಾಪ್ಸಿಯದ್ದು. ಅದನ್ನೂ ಸರಿಯಾದ ಎತ್ತರದಿಂದ ತೆಗೆಯಬೇಕು. ಗುದದ್ವಾರಕ್ಕೆ ತೀರಾ ಹತ್ತಿರ ಎಲ್ಲರಲ್ಲೂ ನರಕೋಶ ಕಮ್ಮಿ.


ಕಾಪು_ದೀಪಸ್ತಂಭ
ನವೆಂಬರ್ 8, ಸಂಜೆ 6:20

ದೊಡ್ಡದು ಆಯಿತು. ಆರೂವರೆ ಗಂಟೆ ಒಳಗಿದ್ದೆನಂತೆ. ಡುಹಾಮೆಲ್. ಲ್ಯಾಬಿನಿಂದ ಮೊದಲ ಫೋನಿನಲ್ಲಿ 'ಕೋಶ ಕಮ್ಮಿ' ಅಂತ ಬಂತಂತೆ. ಇನ್ನೂ ಸ್ವಲ್ಪ ಮೇಲೆ ಹೋಗಿ ಎರಡನೇ ತುಂಡು ಕಳಿಸಿದರಂತೆ. ಆಗ ಸರಿ ಅಂತ ಬಂತು. ಹೊರಗೆ ಅಪ್ಪ ಅಷ್ಟು ಹೊತ್ತು ಒಂದೇ ಬೆಂಚಿನಲ್ಲಿ ಕುಳಿತಿದ್ದರಂತೆ, ಚಹಾಕ್ಕೂ ಎದ್ದಿಲ್ಲ.

ನೋವು ಉಂಟು. ಜಾಸ್ತಿ ಬರೆಯಲು ಆಗುವುದಿಲ್ಲ.


ಪುಟ್ಟನ_ಅಮ್ಮ
ನವೆಂಬರ್ 8, ಸಂಜೆ 7:00

ಬರೆಯಬೇಡಿ ಅಣ್ಣ, ಮಲಗಿ.


ಕಾಪು_ದೀಪಸ್ತಂಭ
ಫೆಬ್ರವರಿ 17, ಬೆಳಿಗ್ಗೆ 5:40

ಬ್ಯಾಗ್ ಮುಚ್ಚಿ ಮೂರು ವಾರ. ಈಗ ಗಂಟೆ ಎಷ್ಟು ನೋಡಿ. ಇವತ್ತಿನ ನಾಲ್ಕನೇ ಸಲ. ಬಿಸಿರೋಡ್ ಅಣ್ಣ ಹೇಳಿದ ಉರಿ ಅಂದರೆ ಯಾವ ಉರಿ ಅಂತ ಈಗ ಗೊತ್ತಾಯಿತು. ನಿನ್ನೆ ರಾತ್ರಿ ಹಾಸಿಗೆ ಒದ್ದೆಯಾಯಿತು. ಅಮ್ಮ ಏನೂ ಹೇಳದೆ ಬೆಡ್‌ಶೀಟ್ ಬದಲಾಯಿಸಿದರು. ನಾನು ಬಾತ್‌ರೂಮಿನಲ್ಲಿ ಸ್ವಲ್ಪ ಹೊತ್ತು ಅತ್ತೆ.

ಯಾಕಾದರೂ ಮಾಡಿಸಿದೆನೋ ಅನ್ನಿಸುವ ದಿನ ಇದು. ಅದನ್ನೂ ಇಲ್ಲಿ ಬರೆದಿಡುತ್ತೇನೆ. ಮುಂದೆ ಓದುವವರಿಗೆ ನಾನು ಸುಮ್ನೆ ಸಿಹಿ ಹೇಳಿದೆ ಅನ್ನಿಸಬಾರದು.


ಬಿಸಿರೋಡ್_ಜಂಕ್ಷನ್
ಫೆಬ್ರವರಿ 17, ಬೆಳಿಗ್ಗೆ 6:10

ನಾನೂ ಎದ್ದಿದ್ದೇನೆ. ಫೋನ್ ಮಾಡುತ್ತೇನೆ, ಎತ್ತಿ. ಹಾಗೇ ಇವತ್ತೇ ನಿಮ್ಮ ಡಾಕ್ಟರಿಗೆ ಹೇಳಿ. ಹೋಗುವುದನ್ನು ಕಮ್ಮಿ ಮಾಡುವ ಮಾತ್ರೆ ಕೊಡುವುದಾ ಬೇಡವಾ ಅಂತ ಅವರೇ ನೋಡಬೇಕು. ನೀವೇ ಮೆಡಿಕಲ್‌ನಿಂದ ತಂದು ನುಂಗಬೇಡಿ.


ಕಾಪು_ದೀಪಸ್ತಂಭ
ಆಗಸ್ಟ್ 2, ರಾತ್ರಿ 9:25

ದಿನಕ್ಕೆ ಮೂರು. ಕೆಲವು ದಿನ ಎರಡು. ರಾತ್ರಿ ಪ್ಯಾಡ್ ಬಿಟ್ಟು ಎರಡು ತಿಂಗಳಾಯಿತು. ತೂಕ ಒಂಬತ್ತು ಕೆಜಿ ಏರಿದೆ. ಹಳೆಯ ಪ್ಯಾಂಟುಗಳು ಸೊಂಟದಲ್ಲಿ ಸಡಿಲ, ತೊಡೆಯಲ್ಲಿ ಬಿಗಿ. ಟೈಲರಿಗೆ ಅರ್ಥವೇ ಆಗಲಿಲ್ಲ.

ಅಮ್ಮ ಹರಕೆ ತೀರಿಸಿದರು. ಈಗ ನೆಂಟರಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಅವರ ಮೊದಲ ಪ್ರಶ್ನೆ ಗಂಡೋ ಹೆಣ್ಣೋ ಅಂತ ಅಲ್ಲ. ಕಕ್ಕ ಆಯಿತಾ ಅಂತ. ಚಿಕ್ಕಮ್ಮ ಮೊನ್ನೆ ಬೇಜಾರು ಮಾಡಿಕೊಂಡರು.


ಮಣಿಪಾಲ_ಮಳೆ
ಆಗಸ್ಟ್ 2, ರಾತ್ರಿ 9:40

ಕೆಲಸಕ್ಕೆ ಹೋಗುತ್ತಿದ್ದೀರಾ? ಅದೇ ಎಕ್ಸ್‌ಪ್ರೆಸ್ ಬಸ್ಸಾ?


ಕಾಪು_ದೀಪಸ್ತಂಭ
ಆಗಸ್ಟ್ 2, ರಾತ್ರಿ 9:48

ಅದೇ ಬಸ್ಸು. ಬಾಗಿಲ ಹತ್ತಿರದ ಸೀಟು, ಕಂಡಕ್ಟರಿಗೆ ವಿಷಯ ಗೊತ್ತು. ಪಡುಬಿದ್ರೆ, ಮೂಲ್ಕಿ, ಸುರತ್ಕಲ್, ಕೂಳೂರು, ಯಾವ ಪೆಟ್ರೋಲ್ ಬಂಕಿನ ಟಾಯ್ಲೆಟ್ ಚೊಕ್ಕ ಉಂಟು, ಯಾವುದಕ್ಕೆ ಚಿಲಕ ಇಲ್ಲ, ಎಲ್ಲಿ ನೀರಿಲ್ಲ ಅಂತ ಪಟ್ಟಿ ಮಾಡಿಟ್ಟಿದ್ದೇನೆ. ಯಾರಿಗಾದರೂ ಬೇಕಾ?


ಬಂದರ್_ಬಾಯ್
ಆಗಸ್ಟ್ 2, ರಾತ್ರಿ 9:50

ಕಳಿಸಿ ಮಾರಾಯ್ರೆ.


ಪುಟ್ಟನ_ಅಮ್ಮ
ಆಗಸ್ಟ್ 2, ರಾತ್ರಿ 9:51

ನನಗೂ. ಕುಂದಾಪುರದ ಕಡೆಯದ್ದು ನನ್ನ ಹತ್ತಿರ ಉಂಟು, ಸೇರಿಸಿಕೊಳ್ಳಿ.